ಎಚ್‌ಐವಿ ಗುಳಿಗೆ: 200ರ ಗೆರೆ ಅಳಿದ ಕಥೆ

ನಾವು ಹೈಸ್ಕೂಲಿಗೆ ಹೋಗುವಾಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಏಡ್ಸ್ ಅಂದರೆ ಮದ್ದಿಲ್ಲದ ಜಡ್ಡು ಅಂತಲೇ ಮಾತು. ದೇವದಾಸಿಯರಿಗೆ, ಲಾರಿ ಡ್ರೈವರ್‌ಗಳಿಗೆ ಬರುವ ರೋಗ ಎಂದು ಊರು ಸುಮ್ಮನಾಗುತ್ತಿತ್ತು.

2003ರ ಸುಮಾರಿಗೆ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಮನೆಗಳವರ ರಕ್ತ ಪರೀಕ್ಷಿಸಿದ ಸಮೀಕ್ಷೆ ಈ ನಂಬಿಕೆಯನ್ನು ಸುಳ್ಳು ಮಾಡಿತು. ವಯಸ್ಕರಲ್ಲಿ 100ಕ್ಕೆ ಸುಮಾರು 3 ಜನರಿಗೆ ಎಚ್‌ಐವಿ ಇತ್ತು. ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಹೆಚ್ಚು.

ಮೂರು ಔಷಧ ಸೇರಿಸಿ ಕೊಟ್ಟರೆ ವೈರಸ್ ಹದ್ದುಬಸ್ತಿಗೆ ಬರುತ್ತದೆ ಎಂಬುದು 1996ರಲ್ಲೇ ಜಗತ್ತಿಗೆ ಗೊತ್ತಾಗಿತ್ತು. ಆದರೆ ಬೆಲೆ ಬಡವರ ಕೈಗೆಟುಕುತ್ತಿರಲಿಲ್ಲ. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡುತ್ತೇವೆಂದಿತು. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿತು. ಆಗ ನಮ್ಮವರು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯವರೆಗೆ ಹೋಗಬೇಕಿತ್ತು. ಜಿಲ್ಲೆಗಳಿಗೆ ಕೇಂದ್ರಗಳು ಬಂದದ್ದು ಆಮೇಲೆ.

ಹೋದವರಿಗೆಲ್ಲ ಗುಳಿಗೆ ಸಿಗುತ್ತಿರಲಿಲ್ಲ. ರೋಗದ ವಿರುದ್ಧ ಹೋರಾಡುವ ಸಿಡಿ4 ಕಣಗಳನ್ನು ಎಣಿಸುತ್ತಿದ್ದರು. ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಆರೋಗ್ಯವಂತರಿಗೆ ಅವು 500ಕ್ಕಿಂತ ಹೆಚ್ಚಿರುತ್ತವೆ. 200ಕ್ಕಿಂತ ಕೆಳಗಿಳಿದವರಿಗೆ ಚಿಕಿತ್ಸೆ. ಉಳಿದವರಲ್ಲಿ ಬಹುತೇಕರಿಗೆ, ‘ಇನ್ನೂ ಸಮಯವಿದೆ, ಹೋಗಿ ಬನ್ನಿ’.

ಗುಳಿಗೆ ಶುರುವಾದರೆ ಏನಾಗುತ್ತದೆ? ವೈರಸ್ ಹೆಚ್ಚುವುದು ನಿಲ್ಲುತ್ತದೆ. ಮೊದಲ ಎರಡು-ಮೂರು ತಿಂಗಳು ಸಿಡಿ4 ಬೇಗ ಏರುತ್ತದೆ, ಏಕೆಂದರೆ ಗಂಟುಗಳಲ್ಲಿ ಸಿಕ್ಕಿಬಿದ್ದಿದ್ದ ಕಣಗಳು ರಕ್ತಕ್ಕೆ ಮರಳುತ್ತವೆ. ಆಮೇಲೆ ಹೊಸ ಕಣ ಹುಟ್ಟಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಕೂಳೆ ಕಬ್ಬಿನ ಹಾಗೆ, ಬುಡ ಗಟ್ಟಿಯಿದ್ದರೆ ಚಿಗುರು ಚೆನ್ನಾಗಿ ಬರುತ್ತದೆ. ತೀರಾ ತಡವಾಗಿ ಬಂದವರಲ್ಲಿ ಹಲವರ ಸಂಖ್ಯೆ 500 ಮುಟ್ಟುವುದೇ ಇಲ್ಲ.

ತಡವಾಗಿ ಬಂದವರಿಗೆ ಇನ್ನೊಂದು ಕಂಟಕವಿದೆ. ಶಕ್ತಿ ಮರಳಿದಾಗ ದೇಹವು ಒಳಗೆ ಅಡಗಿದ್ದ ಟಿಬಿಯಂಥ ಸೋಂಕಿನ ಮೇಲೆ ಒಮ್ಮೆಲೇ ತಿರುಗಿಬೀಳುತ್ತದೆ. ಜ್ವರ ಬರುತ್ತದೆ, ಕುತ್ತಿಗೆಯಲ್ಲಿ ಗಂಟು ಬಾಯುತ್ತದೆ. ‘ಗುಳಿಗಿ ತಗೊಂಡ ಮ್ಯಾಲ ಜಡ್ಡು ಹೆಚ್ಚಾತು’ ಎಂದುಕೊಂಡು ಬಿಟ್ಟರೆ ಅಪಾಯ. ಇದು ಸೋಂಕಿನ ಜೊತೆ ದೇಹ ನಡೆಸುವ ಜಗಳ. ಗುಳಿಗೆ ನಿಲ್ಲಿಸದೆ ತಕ್ಷಣ ಡಾಕ್ಟರನ್ನು ಕಾಣಬೇಕು.

ಅನುಭವ ಬೆಳೆದಂತೆ ಗೆರೆ 350ಕ್ಕೆ, 500ಕ್ಕೆ ಏರಿತು. 35 ದೇಶಗಳ 4,685 ಜನರ ಮೇಲೆ ನಡೆದ ಅಧ್ಯಯನವೊಂದು, ಸಿಡಿ4 ಬೀಳುವವರೆಗೆ ಕಾಯುವುದೇ ತಪ್ಪು ಎಂದು 2015ರಲ್ಲಿ ತೋರಿಸಿತು. 2017ರಲ್ಲಿ ನಮ್ಮ ದೇಶ ಗೆರೆಯನ್ನೇ ಅಳಿಸಿತು: ಸೋಂಕು ಖಚಿತವಾದರೆ ಸಾಕು, ಚಿಕಿತ್ಸೆ.

ಸರ್ಕಾರದ ಗೆರೆ ಹೋಯಿತು. ನಮ್ಮ ಮನಸ್ಸಿನದು ಉಳಿದಿದೆ. ಯಾರಾದರೂ ನೋಡಿಯಾರೆಂಬ ಅಂಜಿಕೆಯಿಂದ ಇಂದಿಗೂ ಹಾಸಿಗೆ ಹಿಡಿದ ಮೇಲೆ ದವಾಖಾನೆ ಕಾಣುವವರಿದ್ದಾರೆ. ಒಬ್ಬರ ಸೋಂಕಿನ ಸಂಗತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಕಾನೂನು ನಿಷೇಧಿಸುತ್ತದೆ. ಪರೀಕ್ಷೆ, ಗುಳಿಗೆ ಎರಡೂ ಪುಕ್ಕಟೆ. ಕೇಳುವುದಿದ್ದರೆ 1097ಕ್ಕೆ ಫೋನ್ ಮಾಡಿ, ಅದಕ್ಕೂ ದುಡ್ಡಿಲ್ಲ.