ತಮಟೆಯ ನಾದ ಮತ್ತು ಧ್ವನಿಮುದ್ರಿಕೆಯ ಸಾಕ್ಷ್ಯ

ಶಾಸನವನ್ನೂ ಕಡತವನ್ನೂ ಆಧಾರವೆಂದು ಒಪ್ಪುವ ನಮ್ಮ ಚರಿತ್ರಕಾರರು ಧ್ವನಿಮುದ್ರಿಕೆಯನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಅಕ್ಷರದಿಂದ ದೂರವಿರಿಸಲ್ಪಟ್ಟವರ ಕಲೆಗೆ ಬೇರೆ ಆಧಾರವೆಲ್ಲಿಯದು?

ಅಮೆರಿಕದ ಬ್ಲೂಸ್ ಸಂಗೀತದ ಸಂಗತಿ ಇಲ್ಲಿ ಸ್ಮರಣೀಯ. 1941ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಜಾನ್ ವರ್ಕ್ ಎಂಬ ಸಂಗ್ರಾಹಕರು ಮಿಸಿಸಿಪಿಯ ಸ್ಟೋವಾಲ್ ಹತ್ತಿತೋಟಕ್ಕೆ ಹೋಗಿ, ಅಲ್ಲಿ ದುಡಿಯುತ್ತಿದ್ದ ಮಡ್ಡಿ ವಾಟರ್ಸನ ಹಾಡುಗಳೊಡನೆ ಅವನ ಮಾತನ್ನೂ ಮುದ್ರಿಸಿಕೊಂಡರು. ಆ ಸಂಗ್ರಹ ಗ್ರಾಮೋಫೋನ್ ತಟ್ಟೆಯಾಗಿ ಹೊರಬಂದುದು 1966ರಲ್ಲಿ. ಅಷ್ಟರಲ್ಲಿ ಆ ಕೂಲಿಗಾರ ಲೋಕವಿಖ್ಯಾತನಾಗಿದ್ದನು. ಪಂಕ್ ವಾದ್ಯಗೋಷ್ಠಿಯಾದ ರಾಮೋನ್ಸ್ 1977ರ ಡಿಸೆಂಬರ್ 31ರಂದು ಲಂಡನ್ನಿನಲ್ಲಿ ನಡೆಸಿದ ಕಚೇರಿಯೂ 1979ರಲ್ಲಿ, ಸಭಿಕರ ಕೂಗಾಟದ ಸಮೇತ, ಪ್ರಕಟವಾಯಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ತಮಟೆಗೂ ಇಂತಹ ಮುದ್ರಣವೇ ತಕ್ಕುದು. ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ನಾದ ಬಿಗಿಯಾಗುತ್ತದೆ, ಆರಿದಂತೆ ಸಡಿಲವಾಗುತ್ತದೆ, ಮತ್ತೆ ಕಾಯಿಸಬೇಕು. ಜಾತ್ರೆಯಲ್ಲಿ ಈ ಏರಿಳಿತ ಕೇಳಿಸುತ್ತದೆ. ಮುಚ್ಚಿದ ಕೊಠಡಿಯಲ್ಲಿ ಮೂರು ನಿಮಿಷಕ್ಕೆ ಕತ್ತರಿಸಿದ ಮುದ್ರಿಕೆಯಲ್ಲಿ ಅದು ಕೇಳಿಸದು. ಇದನ್ನು ದೋಷವೆಂದು ತಿದ್ದುವ ಯಂತ್ರಕುಶಲರೂ ಉಂಟು!

ಜಾತಿಯ ಕಟ್ಟುಪಾಡು ಅಸ್ಪೃಶ್ಯರೆನಿಸಿದವರ ಮೇಲೆ ಹೊರಿಸಿದ ಬಿಟ್ಟಿಚಾಕರಿಯಾಗಿದ್ದ ಈ ವಾದ್ಯಕ್ಕೆ ಮನ್ನಣೆ ತಡವಾಗಿ ದೊರೆಯಿತು. ಈ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು 2023ರಲ್ಲಿ ಪದ್ಮಶ್ರೀ ಪಡೆದರು. ಶವಯಾತ್ರೆಗೂ ಜಾತ್ರೆಗೂ ಇದೇ ವಾದ್ಯ ನುಡಿಯುವುದರಿಂದ ಮುದ್ರಿಕೆಯ ಮೇಲೆ ‘ತಮಟೆ’ ಎಂದಷ್ಟೇ ಬರೆದರೆ ಸಾಲದು; ಊರು, ದಿನ, ಸಂದರ್ಭ, ಎಲ್ಲಕ್ಕಿಂತ ಮೊದಲು ಬಾರಿಸಿದವರ ಹೆಸರು, ನಮೂದಾಗತಕ್ಕದ್ದು.