ಪರಾಗ ಮುನ್ಸೂಚನೆ

ಪರಾಗ ಮುನ್ಸೂಚನೆ ಎಂದರೆ ಒಂದು ಪ್ರದೇಶದ ಗಾಳಿಯಲ್ಲಿ ಮುಂದಿನ ಕೆಲವು ದಿನಗಳಲ್ಲಿ ಯಾವ ಸಸ್ಯಗಳ ಪರಾಗ ಎಷ್ಟು ಪ್ರಮಾಣದಲ್ಲಿ ಇರಬಹುದೆಂದು ಮೊದಲೇ ಅಂದಾಜಿಸಿ ತಿಳಿಸುವ ಕ್ರಮ. ಪರಾಗ ಅಲರ್ಜಿ ಹಾಗೂ ಅಸ್ತಮಾ ಇರುವವರು ಔಷಧ ಮತ್ತು ಹೊರಾಂಗಣ ಕೆಲಸಗಳನ್ನು ಯೋಜಿಸಿಕೊಳ್ಳಲು ಇದು ನೆರವಾಗುತ್ತದೆ. ಗಾಳಿಯಲ್ಲಿ ತೇಲುವ ಜೈವಿಕ ಕಣಗಳನ್ನು ಅಭ್ಯಸಿಸುವ ವಾಯುಜೀವವಿಜ್ಞಾನ, ಹವಾಮಾನಶಾಸ್ತ್ರ ಮತ್ತು ವೈದ್ಯಶಾಸ್ತ್ರ ಈ ಮೂರನ್ನೂ ಇದು ಆಧರಿಸಿದೆ.

ಇತಿಹಾಸ

1819ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಬೋಸ್ಟಾಕ್ ಪ್ರತಿ ಬೇಸಿಗೆಯಲ್ಲೂ ತಮ್ಮನ್ನು ಕಾಡುತ್ತಿದ್ದ ಸೀನು, ಕಣ್ಣುರಿ ಮತ್ತು ಉಸಿರಾಟದ ತೊಂದರೆಯನ್ನು ವಿವರಿಸಿದರು. ಈ ಕಾಯಿಲೆಗೆ 'ಹೇ ಫೀವರ್' ಎಂಬ ಹೆಸರು ಬಂದರೂ ಇದಕ್ಕೆ ಒಣಹುಲ್ಲು ಕಾರಣವಲ್ಲ, ಇದು ಜ್ವರವೂ ಅಲ್ಲ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತಮ್ಮ ಮೇಲೆಯೇ ಪ್ರಯೋಗ ನಡೆಸಿ, ಪರಾಗವೇ ಇದಕ್ಕೆ ಕಾರಣವೆಂದು 1873ರಲ್ಲಿ ಪ್ರಕಟಿಸಿದರು. ಅಂಟು ಸವರಿದ ಗಾಜಿನ ಫಲಕಗಳನ್ನು ಗಾಳಿಪಟಗಳಿಗೆ ಕಟ್ಟಿ ಹಾರಿಸಿ, ಎತ್ತರದ ಗಾಳಿಯಲ್ಲೂ ಪರಾಗವಿರುವುದನ್ನು ಅವರು ತೋರಿಸಿದರು.

ಎಣಿಕೆಯ ವಿಧಾನ

ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಉಪಕರಣವನ್ನು ಜೆ. ಎಂ. ಹರ್ಸ್ಟ್ 1952ರಲ್ಲಿ ರೂಪಿಸಿದರು. ಇದು ನಿಮಿಷಕ್ಕೆ 10 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಗಾಳಿಯಲ್ಲಿನ ಕಣಗಳು ಗಂಟೆಗೆ 2 ಮಿಲಿಮೀಟರ್ ವೇಗದಲ್ಲಿ ಸರಿಯುವ ಅಂಟುಪಟ್ಟಿಯ ಮೇಲೆ ಕೂರುತ್ತವೆ. ತಜ್ಞರು ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ಗುರುತಿಸಿ, ಒಂದು ಘನ ಮೀಟರ್ ಗಾಳಿಗೆ ಎಷ್ಟು ಪರಾಗಕಣಗಳೆಂದು ಲೆಕ್ಕ ಹಾಕುತ್ತಾರೆ.

ಹಲವು ವರ್ಷಗಳ ಎಣಿಕೆಯಿಂದ ಯಾವ ತಿಂಗಳಲ್ಲಿ ಯಾವ ಪರಾಗವೆಂದು ತೋರಿಸುವ 'ಪರಾಗ ಪಂಚಾಂಗ' ಸಿದ್ಧವಾಗುತ್ತದೆ. ಪಂಚಾಂಗವು ಸರಾಸರಿ ಋತುವನ್ನು ಹೇಳಿದರೆ, ಮುನ್ಸೂಚನೆಯು ಅದಕ್ಕೆ ಉಷ್ಣಾಂಶ, ತೇವಾಂಶ, ಗಾಳಿ ಮತ್ತು ಮಳೆಯ ಅಂದಾಜನ್ನು ಸೇರಿಸಿ ನಿರ್ದಿಷ್ಟ ದಿನದ ಸ್ಥಿತಿಯನ್ನು ಹೇಳುತ್ತದೆ. ಒಣ ಹವೆ ಮತ್ತು ಗಾಳಿ ಪರಾಗವನ್ನು ಹರಡುತ್ತವೆ. ನಿರಂತರ ಮಳೆ ಅದನ್ನು ತೊಳೆದುಹಾಕುತ್ತದೆ.

ಭಾರತ ಮತ್ತು ಕರ್ನಾಟಕದಲ್ಲಿ

ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಹಾಗೂ ಪಂಜಾಬ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಆ ನಗರದ ಪರಾಗ ಪಂಚಾಂಗವನ್ನು ಪ್ರಕಟಿಸಿದರು. ಕರ್ನಾಟಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಎಸ್. ಎನ್. ಅಗಾಶೆ ಅವರು ಪರಾಗವಿಜ್ಞಾನ ಮತ್ತು ವಾಯುಜೀವವಿಜ್ಞಾನದಲ್ಲಿ ದೀರ್ಘಕಾಲ ಕೆಲಸ ಮಾಡಿದರು.

ರಾಜ್ಯದಲ್ಲಿ ಹೆಚ್ಚು ಅಧ್ಯಯನಕ್ಕೊಳಗಾದ ಸಸ್ಯಗಳಲ್ಲಿ ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಗಿಡ ಮುಖ್ಯವಾದುದು. ಅಮೆರಿಕ ಮೂಲದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ಬಳಿಕ ದೇಶದೆಲ್ಲೆಡೆ ಹಬ್ಬಿತು. ಇದರ ಸ್ಪರ್ಶದಿಂದ ಚರ್ಮದ ಉರಿಯೂತ ಉಂಟಾಗುವುದಲ್ಲದೆ, ಪರಾಗದಿಂದ ಮೂಗಿನ ಅಲರ್ಜಿ ಬರುತ್ತದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ರೋಗಿಗಳ ಚರ್ಮಪರೀಕ್ಷೆಗಳ ಮೂಲಕ ತೋರಿಸಿದರು. ಕಳೆಯ ಜೈವಿಕ ನಿಯಂತ್ರಣಕ್ಕಾಗಿ ಮೆಕ್ಸಿಕೊದಿಂದ ತಂದ ಜೈಗೋಗ್ರಾಮ ಬೈಕಲರಾಟ ಎಂಬ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು.

ಹಳ್ಳಿಖೇಡ (ಬಿ) ಮತ್ತು ಸುತ್ತಲಿನ ಪರಿಸರ

ಹಳ್ಳಿಖೇಡ (ಬಿ) ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಪಟ್ಟಣ. ದಖ್ಖನ್ ಪ್ರಸ್ಥಭೂಮಿಯ ಈ ಭಾಗದಲ್ಲಿ ಮಾರ್ಚ್‌ನಿಂದ ಮೇ ವರೆಗೆ ಕಡು ಬೇಸಿಗೆ. ಜೂನ್‌ನಲ್ಲಿ ಮುಂಗಾರು ಆರಂಭವಾಗುತ್ತದೆ. ತೊಗರಿ, ಜೋಳ, ಉದ್ದು, ಹೆಸರು, ಸೋಯಾ ಅವರೆ ಮತ್ತು ಕಬ್ಬು ಸುತ್ತಲಿನ ಮುಖ್ಯ ಬೆಳೆಗಳು.

ಯೂರೋಪಿನಲ್ಲಿ ಬೇಸಿಗೆಯೆಂದರೆ ಹುಲ್ಲಿನ ಪರಾಗದ ಕಾಲ. ಇಲ್ಲಿ ಹಾಗಲ್ಲ: ಬೇಸಿಗೆಯಲ್ಲಿ ಹುಲ್ಲು ಒಣಗಿರುತ್ತದೆ, ಮರಗಳು ಹೂ ಬಿಡುತ್ತವೆ. ಬಳ್ಳಾರಿ ಜಾಲಿ ಮತ್ತು ಬೇವು ಈ ಅವಧಿಯಲ್ಲಿ ಅರಳುವ ಸಾಮಾನ್ಯ ಮರಗಳು. ಬೇವಿನ ಪರಾಗವನ್ನು ಮುಖ್ಯವಾಗಿ ಕೀಟಗಳು ಸಾಗಿಸುವುದರಿಂದ ಅದರ ಪರಿಣಾಮ ಮರದ ಸಮೀಪದಲ್ಲಿ ಹೆಚ್ಚು. ಬಳ್ಳಾರಿ ಜಾಲಿಯ ಪರಾಗ ಭಾರತದ ಒಣ ಪ್ರದೇಶಗಳಲ್ಲಿ ಅಲರ್ಜಿಕಾರಕವೆಂದು ಗುರುತಿಸಲ್ಪಟ್ಟಿದೆ. ಔಡಲ ಗಾಳಿಯಿಂದ ಪರಾಗಸ್ಪರ್ಶ ಹೊಂದುವ ಸಸ್ಯವಾಗಿದ್ದು, ಅದೂ ಅಲರ್ಜಿಕಾರಕ. ಕಾಂಗ್ರೆಸ್ ಗಿಡ ಒಣನೆಲದಲ್ಲಿ ಬಾಡಿದರೂ ಚರಂಡಿ ಮತ್ತು ನೀರಾವರಿ ಹೊಲಗಳ ಬದಿಯಲ್ಲಿ ಬೇಸಿಗೆಯಲ್ಲೂ ಉಳಿಯುತ್ತದೆ. ಮುಂಗಾರಿನ ನಂತರ ಅದು ಹುಲುಸಾಗಿ ಹೂ ಬಿಟ್ಟು, ಹುಲ್ಲುಗಳೊಂದಿಗೆ ಎರಡನೆಯ ಪರಾಗ ಋತುವನ್ನು ತರುತ್ತದೆ.

ಬೇಸಿಗೆಯ ಸೀನೆಲ್ಲವೂ ಪರಾಗದಿಂದ ಬರುವುದಿಲ್ಲ. ರಸ್ತೆಯ ಧೂಳು, ರಾಶಿಯ ಹೊಟ್ಟು ಮತ್ತು ಹೊಗೆ ಕೂಡ ಮೂಗು, ಗಂಟಲುಗಳನ್ನು ಕೆರಳಿಸುತ್ತವೆ. ನಿರ್ದಿಷ್ಟ ಕಾರಣವನ್ನು ವೈದ್ಯರು ರೋಗಿಯ ವಿವರಗಳ ಜೊತೆಗೆ ಚರ್ಮದ ಚುಚ್ಚು ಪರೀಕ್ಷೆ ಅಥವಾ ರಕ್ತದ ಐಜಿಇ ಪರೀಕ್ಷೆಯಿಂದ ಗುರುತಿಸುತ್ತಾರೆ.

ಗುಡುಗು ಮಳೆ ಮತ್ತು ಅಸ್ತಮಾ

ಮಳೆ ಬಂದರೆ ಪರಾಗದ ತೊಂದರೆ ತೀರಿತೆಂಬುದು ಯಾವಾಗಲೂ ನಿಜವಲ್ಲ. ಗುಡುಗು ಮಳೆಯ ಆರಂಭದಲ್ಲಿ ತೇವದಿಂದ ಪರಾಗಕಣಗಳು ಒಡೆದು, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಸೂಕ್ಷ್ಮ ತುಣುಕುಗಳಾಗಬಹುದು. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹೀಗೆ ಸಾವಿರಾರು ಜನರಿಗೆ ಉಸಿರಾಟದ ತೊಂದರೆಯಾಗಿ 10 ಮಂದಿ ಮೃತಪಟ್ಟರು. ನಂತರ ಅಲ್ಲಿ ಇದಕ್ಕೆಂದೇ ಮುನ್ಸೂಚನಾ ವ್ಯವಸ್ಥೆ ಆರಂಭವಾಯಿತು. ಅಲ್ಲಿ ಕಾರಣವಾದದ್ದು ರೈ ಹುಲ್ಲಿನ ಪರಾಗ. ಬೀದರ್ ಭಾಗದ ಸಸ್ಯವರ್ಗ ಬೇರೆಯಾದರೂ, ಏಪ್ರಿಲ್–ಮೇ ತಿಂಗಳ ಬಿರುಗಾಳಿ ಸಹಿತ ಮಳೆಯ ಸಮಯದಲ್ಲಿ ಅಸ್ತಮಾ ಇರುವವರು ಮನೆಯೊಳಗೆ ಇರುವುದು ಸುರಕ್ಷಿತ.

ಮುನ್ಸೂಚನೆಯ ಬಳಕೆ ಮತ್ತು ಮಿತಿ

ಮೊಬೈಲ್ ಆ್ಯಪ್‌ಗಳು ಸಣ್ಣ ಪಟ್ಟಣಗಳಿಗೆ ತೋರಿಸುವ ಪರಾಗ ಮಟ್ಟ ಸಾಮಾನ್ಯವಾಗಿ ಗಣಕ ಮಾದರಿಯ ಅಂದಾಜೇ ಹೊರತು ಆ ಊರಿನಲ್ಲಿ ಎಣಿಸಿದ್ದಲ್ಲ. ಮಾದರಿಯಲ್ಲಿ ಸೇರದ ಸಸ್ಯವಿದ್ದರೆ 'ಕಡಿಮೆ' ಎಂದು ತೋರಿಸಿದ ದಿನವೂ ರೋಗಿಗೆ ತೊಂದರೆಯಾಗಬಹುದು. ಆದ್ದರಿಂದ ಸುತ್ತಲಿನ ಮರಗಳು ಹೂ ಬಿಡುವ ಕಾಲ, ಭಾರತೀಯ ಹವಾಮಾನ ಇಲಾಖೆಯ ಗಾಳಿ–ಮಳೆಯ ಮುನ್ಸೂಚನೆ ಮತ್ತು ರೋಗಲಕ್ಷಣಗಳ ದಿನಚರಿ ಈ ಮೂರನ್ನೂ ಹೋಲಿಸಿ ನೋಡುವುದು ಉಪಯುಕ್ತ. ಇಂಥ ದಿನಚರಿ ವೈದ್ಯರ ನಿದಾನಕ್ಕೂ ನೆರವಾಗುತ್ತದೆ.

ಪರಾಗ ಹೆಚ್ಚಿರುವ ದಿನಗಳಲ್ಲಿ ಕಿಟಕಿ ಮುಚ್ಚುವುದು, ಹೊರಗೆ ಮುಖಗವಸು ಮತ್ತು ಕನ್ನಡಕ ಧರಿಸುವುದು, ಮನೆಗೆ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದು ಸಾಮಾನ್ಯ ಮುನ್ನೆಚ್ಚರಿಕೆಗಳು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಕೈಗವಸು ಧರಿಸಿ ಕೀಳಬೇಕು. ಅಸ್ತಮಾ ರೋಗಿಗಳು ವೈದ್ಯರು ಸೂಚಿಸಿದ ಇನ್‌ಹೇಲರ್ ಅನ್ನು ಮುನ್ಸೂಚನೆ ಅನುಕೂಲಕರವಾಗಿದೆಯೆಂಬ ಕಾರಣಕ್ಕೆ ನಿಲ್ಲಿಸಬಾರದು.