ರಾಣಿಯ ಸೆರಗು ಸರಿದ ಕಾರಣ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತ ಮನೆತನಗಳ ಸ್ತ್ರೀಯರು ಎಷ್ಟೋ ಸಲ ತಮ್ಮ ನಿತ್ಯದ ಉಡುಪನ್ನು ಬಿಟ್ಟು, ಪ್ರಾಚೀನ ಗ್ರೀಕ್ ದೇವತೆಯರಂತೆ ಸಡಿಲವಾದ ನಿಲುವಂಗಿಯಲ್ಲಿ ಚಿತ್ರ ಬರೆಸಿಕೊಳ್ಳುತ್ತಿದ್ದರು. ಕಾಲದ ಉಡುಪು ಬೇಗ ಹಳತಾಗುತ್ತದೆ, ಪ್ರಾಚೀನರದು ಹಾಗಲ್ಲ ಎಂಬುದು ಚಿತ್ರಕಾರ ಜೋಶುವಾ ರೆನಾಲ್ಡ್ಸನ ನಿಲುವು. 1773ರಲ್ಲಿ ಆತ ಮಾಂಟ್‌ಗೊಮರಿ ಮನೆತನದ ಮೂವರು ಸೋದರಿಯರನ್ನು ವಿವಾಹದೇವತೆಯ ವಿಗ್ರಹಕ್ಕೆ ಹೂಮಾಲೆ ತೊಡಿಸುವವರಂತೆ ಬರೆದ.

ನಮ್ಮ ಮೈಸೂರಿನ ಮೂವರು ಸ್ತ್ರೀಯರೂ ಇಂತಹುದೇ ಒಂದು ಚಿತ್ರದಲ್ಲಿದ್ದಾರೆ. ಡಬ್ಲಿನ್ನಿನಲ್ಲಿ ಹುಟ್ಟಿದ ಥಾಮಸ್ ಹಿಕಿ ಅದನ್ನು ಬರೆದದ್ದು ಸುಮಾರು 1805ರಲ್ಲಿ. ಇಲ್ಲಿ ಗ್ರೀಕ್ ವೇಷವಿಲ್ಲ. ಸೀರೆ, ಮೈತುಂಬ ಒಡವೆ. ಹೆಸರು ತಿಳಿಯದ ಕಾರಣಕ್ಕೇ ಇರಬೇಕು, ಬಹುಕಾಲ ಇವರನ್ನು ನರ್ತಕಿಯರೆಂದು ಕರೆದರು! 2001ರಲ್ಲಿ ಇತಿಹಾಸಕಾರ ನೈಜೆಲ್ ಚಾನ್ಸಲರ್ ಬೇರೆ ಉತ್ತರವನ್ನಿತ್ತರು: ಬಲಬದಿಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ; ಎಡಬದಿಯವಳು ಅದೇ ಹೆಸರಿನ ಹಿರಿಯ ರಾಣಿ; ನಡುವಿನವರು ಬಹುಶಃ ರಾಜಮಾತೆ ಲಕ್ಷ್ಮಮ್ಮಣ್ಣಿ. 1794ರಲ್ಲಿ ಜನಿಸಿದ ಅರಸನಿಗೇ ಆಗ ಹನ್ನೊಂದು ವರ್ಷ. ರಾಣಿಯರು ಇನ್ನೂ ಮಕ್ಕಳೇ ಎನ್ನಬೇಕು.

ಸಾಮಾನ್ಯವಾಗಿ ಸೆರಗಿನಲ್ಲಿ ಮರೆಯಾಗಬೇಕಾದ ಎಡತೋಳನ್ನು ಕಿರಿಯ ರಾಣಿ ತೆರೆದಿಟ್ಟು ತೋರಿಸುತ್ತಿದ್ದಾಳೆ. ಅದು ಸಿಡುಬಿನ ದಾಕು ಹಾಕಿಸಿಕೊಂಡ ಜಾಗವೆಂಬುದು ಚಾನ್ಸಲರರ ವಾದ. ಹಿರಿಯ ರಾಣಿಯ ಮೂಗು, ಬಾಯಿಯ ಸುತ್ತಲಿನ ಬಣ್ಣಗೆಟ್ಟ ಚರ್ಮವು, ಸಿಡುಬಿನ ಹಕ್ಕಳೆಯನ್ನೇ ಬಳಸುತ್ತಿದ್ದ ಹಳೆಯ ಪದ್ಧತಿಯ ಗುರುತೆಂದು ಅವರು ಓದಿದರು. ಎಲ್ಲರೂ ಇದನ್ನು ಒಪ್ಪಬೇಕೆಂದಿಲ್ಲ, ನನಗೆ ಮಾತ್ರ ಒಪ್ಪಿಗೆಯಾಗಿದೆ. ಸುಮ್ಮನೆ ಹೊದ್ದ ಸೆರಗು ಹಾಗೆ ಸರಿಯುವುದಿಲ್ಲ.

ಈ ದೇಶದಲ್ಲಿ ಮೊದಲ ದಾಕು ಬಿದ್ದದ್ದು 1802ರ ಜೂನ್ 14ರಂದು, ಮುಂಬಯಿಯ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ. ಶೀತಪೆಟ್ಟಿಗೆಗಳಿಲ್ಲದ ಕಾಲ, ಒಂದು ಮಗುವಿನ ತೋಳಿನ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕುತ್ತ ಊರಿಂದೂರಿಗೆ ಸಾಗಿಸಬೇಕಿತ್ತು. ಯಾರ ಮಗುವಿನ ರಸ, ಯಾವ ಜಾತಿಯದು ಎಂಬ ಅಂಜಿಕೆ ಎಷ್ಟಿದ್ದಿರಬೇಕೆಂದು ನೀವೇ ಊಹಿಸಿ. ಅರಮನೆಯ ರಾಣಿಯೇ ಒಪ್ಪಿದಳೆಂಬ ಸುದ್ದಿಗೆ ಆಗ ಬಹಳ ಬೆಲೆಯಿತ್ತು. ಅವಳನ್ನು ಕಂಡು ಜನ ಮುಂದೆ ಬಂದರೆಂದು 1806ರ ದಾಖಲೆಯೊಂದು ಹೇಳುತ್ತದೆ.

ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ನಮ್ಮ ಹೊಳಲಿನ ಹಿರಿಯರ ತೋಳಿನ ಮೇಲೆ ಆ ದುಂಡನೆಯ ಕಲೆ ಈಗಲೂ ಇದೆ, ನೋಡಿ.